ಗೂಳಿಗೆ ಕಟ್ಟಿದ ಬಿಸಿ ಬೂದಿ

ಗಂಟು ಬಿಚ್ಚುವ ಮೊದಲೇ ವಾಸನೆ ಬಂದಿತ್ತು. ಬೇಲಿಯ ಆಚೆ ಮೊಪೆಡ್ ನಿಲ್ಲಿಸಿ ಇಳಿಯುವಷ್ಟರಲ್ಲೇ ಮೂಗಿಗೆ ಹೊಡೆಯಿತು. ಕಮಟು ಹಿಡಿದ ಇಪ್ಪೆ ಎಣ್ಣೆ, ಕೊಳೆತ ಹರಳೆಲೆ, ಒದ್ದೆ ಗೋಣಿ, ಅವುಗಳ ಅಡಿಯಲ್ಲಿ ಬೆಂದ ಚರ್ಮ. ದನಗಳ ನಡುವೆಯೇ ಬದುಕು ಕಳೆದವನು ನಾನು. ಸಗಣಿ, ಗಂಜಲ, ಮಾಸು, ಕೀವು, ಇವು ಯಾವುವೂ ನನಗೆ ಹೊಸವಲ್ಲ. ಅವು ದನದ ಗಲೀಜು, ತೊಳೆದರೆ ಹೋಗುತ್ತವೆ. ಇದು ಮನುಷ್ಯರು ಕೂತು ಯೋಚಿಸಿ, ಒಬ್ಬರಿಗೊಬ್ಬರು ಸಲಹೆ ಕೊಟ್ಟು, ಶ್ರದ್ಧೆಯಿಂದ ಕಟ್ಟಿದ ಗಲೀಜು. ಇಂದಿಗೂ ಇಪ್ಪೆ ಎಣ್ಣೆಯ ವಾಸನೆ ಬಂದರೆ ನನಗೆ ಊಟ ಸೇರುವುದಿಲ್ಲ.

ತಮಿಳು ಸೀಮೆಯ ಪೆನ್ನಾಗರಂ ಕಡೆಯ ಹಳ್ಳಿ ಅದು, ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಅಲ್ಲಿನ ದನದ ಆಸ್ಪತ್ರೆಯಲ್ಲಿ ಸಹಾಯಕ. ಡಾಕ್ಟರ ಕುರ್ಚಿ ವರ್ಷದ ಬಹುಪಾಲು ಖಾಲಿ ಇರುತ್ತಿದ್ದುದರಿಂದ ಊರವರು ನನ್ನನ್ನೇ ಡಾಕ್ಟ್ರು ಅನ್ನುತ್ತಿದ್ದರು. ತಿದ್ದಿ ತಿದ್ದಿ ಬೇಸತ್ತು ಸುಮ್ಮನಾಗಿದ್ದೆ. ನಾನು ಹುಟ್ಟಿದ್ದು ಅದೇ ಸೀಮೆಯಲ್ಲಿ. ಮನೆಮಾತು ಕನ್ನಡ, ಶಾಲೆಯ ಓದು ತಮಿಳು. ಕನ್ನಡದ ಅಕ್ಷರ ಕೈಗೆ ಹತ್ತಿದ್ದು ಸೇನೆಗೆ ಸೇರಿ ಬೆಂಗಳೂರಿನ ಹತ್ತಿರ ಸೇನೆಯದೇ ಒಂದು ಹೈನು ಫಾರಮ್ಮಿಗೆ ಹೋದ ಮೇಲೆ, ಪಕ್ಕದ ಮಂಚದ ಮಂಡ್ಯದವನಿಂದ.

ಉಳಿದದ್ದನ್ನೆಲ್ಲ ಕಲಿಸಿದ್ದು ಆ ಫಾರಮ್ಮು. ಗೂಳಿಯ ಕೊಟ್ಟಿಗೆಗೆ ಕಾಲಿಡುವ ಮುನ್ನ ಬೂಟು ತೊಳೆ. ಥರ್ಮಾಮೀಟರು ಇಡುವ ಮುನ್ನ ಒರಸು, ತೆಗೆದ ಮೇಲೂ ಒರಸು. ಬಕೀಟಿಗೆ ಅದರದೇ ಜಾಗ, ಬ್ರಷ್ಷಿಗೆ ಅದರದೇ ಮೊಳೆ. ಅಲ್ಲೊಬ್ಬ ಸುಬೇದಾರರಿದ್ದರು. ಹೊಸಬರನ್ನು ಗೂಳಿಯ ಹಿಂದೆ ಸಾಲಾಗಿ ನಿಲ್ಲಿಸಿ, ಅದರ ಬೀಜದ ಚೀಲವನ್ನು ಕೋಲಿನಿಂದ ತೋರಿಸಿ ಕೇಳುತ್ತಿದ್ದರು: "ಇದನ್ನ ದೇಹದ ಒಳಗಿಡದೆ ಹೊರಗೆ ಯಾಕೆ ನೇತುಹಾಕಿದೆ?" ಆಮೇಲೆ ತಾವೇ ಹೇಳುತ್ತಿದ್ದರು: "ಇದು ಕುಡಿಯೋ ನೀರಿನ ಹೂಜಿ. ಹೂಜೀನ ಯಾರಾದ್ರೂ ಒಲೆ ಮೇಲೆ ಇಡ್ತಾರಾ?"

ಆಮೇಲೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಹೊಟ್ಟೆಯೊಳಗಿನ ಬಿಸಿಗೆ ಬೀಜದ ಅಣು ಬೆಳೆಯುವುದಿಲ್ಲ. ಮೈಯ ರಕ್ತವೋ ಬಿಸಿ. ಆದ್ದರಿಂದ ಕೆಳಗಿಳಿಯುವ ರಕ್ತನಾಳ ನೆಟ್ಟಗೆ ಇಳಿಯದೆ ಬಳ್ಳಿಯ ಹಾಗೆ ಸುತ್ತಿ ಸುತ್ತಿ ಇಳಿಯುತ್ತದೆ. ಚೀಲದಿಂದ ಮೇಲಕ್ಕೆ ಮರಳುವ ತಣ್ಣನೆಯ ರಕ್ತದ ಸಣ್ಣ ನಾಳಗಳು ಅದನ್ನು ಬಲೆಯ ಹಾಗೆ ತಬ್ಬಿಕೊಂಡಿರುತ್ತವೆ. ಇಳಿಯುವ ರಕ್ತ ಏರುವ ರಕ್ತಕ್ಕೆ ತನ್ನ ಬಿಸಿಯನ್ನು ಕೊಟ್ಟು, ತಾನು ತಣ್ಣಗಾಗಿ ಬೀಜಕ್ಕೆ ಮುಟ್ಟುತ್ತದೆ. ಬಿಸಿ ಮಾತ್ರವಲ್ಲ, ಬೀಜದಲ್ಲಿ ಹುಟ್ಟಿದ ರಸವೂ ಒಂದಷ್ಟು ಏರುವ ನಾಳದಿಂದ ಇಳಿಯುವ ನಾಳಕ್ಕೆ ಗೋಡೆ ದಾಟಿ ಅಲ್ಲಿಗೇ ಮರಳುತ್ತದೆ. ಚಳಿಗೆ ಚೀಲ ಮುದುಡಿ ಹೊಟ್ಟೆಗೆ ಅಂಟಿಕೊಳ್ಳುತ್ತದೆ, ಸೆಕೆಗೆ ಜೋತುಬೀಳುತ್ತದೆ. ಗೂಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಮಾಡಬೇಕಾದದ್ದು ಒಂದೇ, ಚೊಕ್ಕಟವಾಗಿಟ್ಟು ಸುಮ್ಮನಿರುವುದು.

ಸುಮ್ಮನಿರುವುದು ನಮ್ಮ ಜನಕ್ಕೆ ಬಾರದ ವಿದ್ಯೆ.

ಚಳಿ ಕಳೆದ ಮೇಲಿನ ಮಾಸಿ ತಿಂಗಳ ಒಂದು ಬೆಳಿಗ್ಗೆ ಆ ಹೆಂಗಸು ಆಸ್ಪತ್ರೆಗೆ ಬಂದಳು. ವಯಸ್ಸು ಮೂವತ್ತರ ಆಸುಪಾಸು. ಊರಿನವರು ಅವಳನ್ನು ಗೂಳಿಯಮ್ಮ ಅನ್ನುತ್ತಿದ್ದರು. ಗಂಡ ಬೋರು ಕೊರೆಯುವ ಲಾರಿಯ ಜೊತೆ ಉತ್ತರದ ಕಡೆ ಹೋಗುವವನು, ವರ್ಷಕ್ಕೊಮ್ಮೆ ಬಂದರೆ ಬಂದ. ಮಕ್ಕಳಿಲ್ಲ. ಮನೆಯ ಯಜಮಾನಿಕೆ ಗಂಡನ ಅಣ್ಣನದು. ಅವಳದೆಂದು ಇದ್ದದ್ದು ಆ ಗೂಳಿಯೊಂದೇ. ತವರಿನ ಆಲಂಬಾಡಿ ತಳಿಯ ಹಸುವಿನ ಕರು ಅದು. ತಾಯಿಹಸು ಸತ್ತ ಮೇಲೆ ಅವಳೇ ಬೆರಳು ಚೀಪಿಸಿ ಹಾಲು ಕುಡಿಸಿ ಸಾಕಿದ್ದಳು. ಸುತ್ತಲಿನ ಊರವರು ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಅವಳ ಅಂಗಳಕ್ಕೆ ಬರುತ್ತಿದ್ದರು. "ಯಮ್ಮೋ, ಗೂಳಿ ಬುಡ್ತೀಯಾ?" ಅಂತ ಅವಳನ್ನು ಕೇಳಬೇಕಾಗಿತ್ತು. ಆ ಕೇಳುವಿಕೆಯೇ ಅವಳ ಸ್ಥಾನ. ಗೂಳಿ ಹೋದರೆ ಅವಳು ಭಾವನ ಮನೆಯಲ್ಲಿ ಮುದ್ದೆ ತಿರುವುವ ಹೆಂಗಸು.

"ಅಣ್ಣ, ನಮ್ಮ ಗೂಳಿಗೆ ಒಂದು ಊಸಿ ಆಕ್ಬೇಕು" ಅಂದಳು.

"ಎಂಥ ಸೂಜಿ?"

"ಸೂಡು ಏರೋ ಊಸಿ. ನಿಮ್ಮ ಆಸ್ಪತ್ರೇಲೇ ಯೋಳಿದ್ರಲ್ಲ, ಹೀಟು ಪತ್ತಲೆ ಅಂತ. ಮನೇಲಿ ಆಗೋದೆಲ್ಲ ಮಾಡಿದ್ವಿ. ಇನ್ನೂ ಏರಿಲ್ಲ."

ಹೀಟು ಪತ್ತಲೆ. ತಮಿಳಿನಲ್ಲಿ ಹಾಗೆಂದರೆ ಹೀಟು ಸಾಲದು; ಸೂಡು ಅಂದರೆ ಬಿಸಿ. ಯಾರು ಹೇಳಿದರು ಅಂತ ಕೇಳಿದೆ. ಅವಳು ಮೂಲೆಯ ಸ್ಟೂಲಿನ ಕಡೆ ನೋಡಿದಳು. ಅಲ್ಲಿ ನಮ್ಮ ಅಟೆಂಡರ್ ಕೂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

ಈ ಮನುಷ್ಯನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹಸುಗಳಿಗೆ ಕೊಡುವ ವೀರ್ಯದ ಕಡ್ಡಿಗಳು ಮಂಜಿಗಿಂತ ತಣ್ಣಗಿನ ದ್ರವದಲ್ಲಿ ಇರುತ್ತವೆ. ತೆಗೆದ ಮೇಲೆ ಮೈಬಿಸಿಯ ನೀರಿನಲ್ಲಿ ಅದ್ದಿ ಕರಗಿಸಬೇಕು. ನೀರು ಕಾಯಿಸುವುದು ಇವನಿಗೆ ಕಷ್ಟ. ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡು ಕರಗಿಸುತ್ತಿದ್ದ. ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸದೆ, ಕಡ್ಡಿಯನ್ನು ದವಡೆಗೆ ಸಿಕ್ಕಿಸಿಕೊಂಡು ಹಸುವಿನ ಒಡೆಯನ ಜೊತೆ ಮಾತಾಡುತ್ತಿದ್ದ. ನಾನು ಕಂಡಾಗಲೆಲ್ಲ ಬೈದಿದ್ದೇನೆ. "ಬಾಯೂ ಮೈಬಿಸೀನೇ ತಾನೆ ಸಾರ್" ಅನ್ನುತ್ತಿದ್ದ.

ಈಗ ಅವನನ್ನು ಎಬ್ಬಿಸಿ ಕೇಳಿದೆ. ಎರಡು ತಿಂಗಳ ಹಿಂದೆ, ಮಾರ್ಗಳಿಯ ಚಳಿಯಲ್ಲಿ, ಎರಡು ಹಸುವನ್ನು ಈ ಗೂಳಿಗೆ ಬಿಟ್ಟಿದ್ದರೂ ಅವು ಮತ್ತೆ ಬೆದೆಗೆ ಬಂದಿದ್ದವು. ಯಾಕೆ ಹೀಗೆ ಅಂತ ಇವಳು ಬಂದು ಕೇಳಿದ್ದಳು. ಇವನು ಕೂತಲ್ಲಿಂದಲೇ "ಹೀಟು ಪತ್ತಲೆಮ್ಮಾ, ಅವ್ವಳವುದಾನ್" ಅಂದಿದ್ದ. ಅಷ್ಟೇ ಕಣಮ್ಮ, ಬೇರೇನಿಲ್ಲ ಅಂತ.

"ಯಾರಿಗೆ ಸಾಲದು ಅಂದೆ?"

"ಅಸುಗೆ ಸಾರ್. ಬೆಳಿಗ್ಗೆ ಬೆದೆ ಕಂಡ ತಕ್ಷಣ ಒಡ್ಕೊಂಡ್ ಬಂದವ್ರೆ. ಪೂರ್ತಿ ಬಂದಿರ್ಲಿಲ್ಲ, ಅದ್ಕೆ ಗಬ್ಬ ನಿಂತಿಲ್ಲ."

"ಹಸುಗೆ ಅಂತ ಬಾಯಿ ಬಿಟ್ಟು ಹೇಳಿದೆಯಾ?"

"ಹೀಟು ಅಂದ್ರೆ ಅಸುಗೇ ತಾನೆ ಸಾರ್? ಗೂಳಿಗೆ ಎಲ್ಲಾದ್ರೂ ಹೀಟು ಬತ್ತೈತಾ?"

ಆ ವಾಕ್ಯದಲ್ಲಿ ಹಸುವೂ ಇರಲಿಲ್ಲ, ಗೂಳಿಯೂ ಇರಲಿಲ್ಲ. ನಮ್ಮ ಊರುಗಳಲ್ಲಿ ಹಸು ಬಯಸುವುದಕ್ಕೆ ಬೆದೆ ಅನ್ನುತ್ತಾರೆ. ಹೀಟು ಅನ್ನುವುದು ಆಸ್ಪತ್ರೆಯ ಗೋಡೆಯೊಳಗಿನ ಮಾತು. ಗೋಡೆಯ ಹೊರಗೆ ಅವರಿಗೆ ಗೊತ್ತಿದ್ದ ಹೀಟು ಒಂದೇ, ಬೋರು ಲಾರಿಯ ಎಂಜಿನ್ನಿನದು. ಅವಳು ಗೂಳಿಯ ವಿಷಯ ಕೇಳಲು ಬಂದವಳು. ಹಾಗಾಗಿ ಉತ್ತರವೂ ಗೂಳಿಯದೇ. ಮನೆಗೆ ಹೋಗಿ ನೋಡಿದರೆ ಮಾರ್ಗಳಿಯ ಚಳಿಗೆ ಗೂಳಿಯ ಚೀಲ ಮುದುಡಿ ಮೇಲಕ್ಕೆ ಸೇರಿಕೊಂಡಿತ್ತು. ಸಾಕ್ಷಿ ಕಣ್ಣೆದುರಿಗೇ ಇತ್ತು. ಗೂಳಿಗೆ ಶೀತವಾಗಿದೆ, ಬಿಸಿ ಸಾಲದು. ಎಲ್ಲರೂ ಒಪ್ಪಿದರು.

"ಮನೇಲಿ ಏನು ಮಾಡಿದಿರಿ?" ಅಂತ ಕೇಳಿದೆ.

"ಬಾವ್ನೋರು ಒಲೆ ಬೂದಿ ಕಟ್ತಾವ್ರೆ. ದಿನಾ ಎರಡೊತ್ತು. ಮಾರ್ಗಳಿಯಿಂದ."

ನಾನು ಔಷಧದ ಚೀಲ ತೆಗೆದುಕೊಂಡು ಎದ್ದೆ.

ಅಂಗಳದಲ್ಲಿ ಗೂಳಿ ಹಿಂಗಾಲು ಅಗಲಿಸಿ ನಿಂತಿತ್ತು. ಬೂದು ಮೈ, ಕಪ್ಪು ಕತ್ತು, ಒಳ್ಳೆಯ ಜಾತಿಯ ಪ್ರಾಣಿ. ಸೊಂಟದ ಸುತ್ತ ಹಗ್ಗ, ಹಗ್ಗಕ್ಕೆ ಕಟ್ಟಿದ ಗೋಣಿಯ ಜೋಳಿಗೆ, ಆ ಜೋಳಿಗೆಯೊಳಗೆ ಅದರ ಬೀಜ. ಭಾವ ಜಗಲಿಯ ಮೇಲೆ ಕೂತಿದ್ದ. ದಪ್ಪ ಮೀಸೆ, ಹೆಗಲ ಮೇಲೆ ಟವೆಲು. ಪಕ್ಕದಲ್ಲಿ ಊರಿನ ನಾಲ್ಕಾರು ಗಂಡಸರು, ಮತ್ತೆ ಮಾರಂಡಹಳ್ಳಿ ಕಡೆಯ ಒಬ್ಬ ದನದ ದಲ್ಲಾಳಿ. ಇವನು ಕೇರಳದ ಕಸಾಯಿಖಾನೆಗಳಿಗೆ ಲಾರಿ ತುಂಬಿಸುವವನು. ನಾನು ಬರುವ ಹೊತ್ತಿಗೆ ಗೂಳಿಯ ತೊಡೆ ತಟ್ಟಿ, ಬೆನ್ನ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಿದ್ದ. ಗೂಳಿಯನ್ನು ನೋಡುವ ರೀತಿಯಲ್ಲ ಅದು, ಮಾಂಸ ನೋಡುವ ರೀತಿ. ಒತ್ತಿ ಆದ ಮೇಲೆ ಆ ಬೆರಳನ್ನೇ ಬಾಯಿಗೆ ಹಾಕಿ ಹೊಗೆಸೊಪ್ಪು ಸರಿಮಾಡಿಕೊಂಡ.

ಬಿಸಿನೀರು ಕೇಳಿದೆ. ಅವಳು ತಂದಳು. ತೋಳು ಮಡಿಚಿ, ಸೋಪಿನಲ್ಲಿ ತೊಳೆದು, ಹಗ್ಗ ಬಿಚ್ಚಿದೆ. ಬೂದಿಯನ್ನು ಎರಡು ಹೊತ್ತೂ ಬದಲಾಯಿಸಿದ್ದರು. ಅದರ ಕೆಳಗಿನ ಹರಳೆಲೆಯನ್ನು ಯಾರೂ ಬದಲಾಯಿಸಿರಲಿಲ್ಲ. ಎಲೆಯ ಮೇಲೆ ಎಲೆ, ಎಣ್ಣೆಯ ಮೇಲೆ ಎಣ್ಣೆ, ಎಲ್ಲವೂ ಕಪ್ಪಗೆ ಹಲ್ವದ ಹಾಗೆ ಅಂಟಿಕೊಂಡು ಕೈಗೆ ಪದರ ಪದರವಾಗಿ ಬಂತು. ಅದರೊಂದಿಗೆ ಕೂದಲು ಬಂತು. ಕೂದಲಿನೊಂದಿಗೆ ಚರ್ಮದ ಮೇಲ್ಪದರವೂ ಬಂತು. ಕೆಳಗೆ ಕೆಂಪಗೆ ಒಸರುವ ಮಾಂಸ, ಮಡಿಕೆಯಲ್ಲಿ ಹುಳ. ಗೂಳಿ ಒಂದು ಸಲ ಮೈ ನಡುಗಿಸಿತು. ಒದೆಯಲಿಲ್ಲ. ಒದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾನು ಚಿಮುಟದಲ್ಲಿ ಹುಳ ಹೆಕ್ಕಿ ತೆಂಗಿನ ಚಿಪ್ಪಿಗೆ ಹಾಕುತ್ತಿದ್ದೆ. ಜಗಲಿಯವರು ಒಬ್ಬೊಬ್ಬರೇ ಎದ್ದು ಬಂದು ಚಿಪ್ಪಿನೊಳಗೆ ಇಣುಕಿದರು.

"ಪರ್ವಾಗಿಲ್ಲ ಕಣ್ಲಾ" ಅಂದ ಭಾವ. "ಸೂಡು ಇಡಿದೈತೆ. ಒಳಗಿನ ಕೆಟ್ಟದ್ದೆಲ್ಲ ಉಳ ಆಗಿ ಈಚೆಗ್ ಬತ್ತಾ ಐತೆ."

"ಔದೌದು" ಅಂದ ಇನ್ನೊಬ್ಬ. ಆಮೇಲೆ ನನಗೆ ಕೇಳಲಿ ಅಂತಲೇ, ಅದಕ್ಕಿಂತ ಹೆಚ್ಚಾಗಿ ಅವಳಿಗೆ ಕೇಳಲಿ ಅಂತ ಹೇಳಿದ: "ಗೂಳಿಗೂ ಗೂಳಿಯಮ್ಮನ ಗಂಡಂಗೂ ಒಂದೇ ಸೀಕು. ಲಾರಿ ಏರೋ ಮುಂಚೆ ಅವನ್ಗೂ ಒಂದು ಗಂಟು ಕಟ್ಟಿ ಕಳಿಸ್ಬೇಕಾಗಿತ್ತು."

ಎಲ್ಲರೂ ನಕ್ಕರು. ದಲ್ಲಾಳಿ ಕೆಮ್ಮಿ ಕೆಮ್ಮಿ ನಕ್ಕ. ತಮ್ಮನ ಮೇಲಿನ ಮಾತಿಗೆ ಅಣ್ಣನೂ ಮೀಸೆಯೊಳಗೆ ನಕ್ಕ. ಅವಳು ಚೊಂಬಿನಿಂದ ನನ್ನ ಕೈಗೆ ನೀರು ಹಾಕುತ್ತಿದ್ದಳು. ನೀರಿನ ಧಾರೆ ಅಲುಗಲಿಲ್ಲ. ಅವಳಿಗೆ ಈ ನಗು ಹೊಸದಾಗಿರಲಿಲ್ಲ ಅಂತ ನನಗೆ ಗೊತ್ತಾದದ್ದು ಹಾಗೆ. ನಾನು ಚಿಪ್ಪನ್ನು ಎತ್ತಿ, ನಗುತ್ತಿದ್ದವನ ಕಾಲ ಬುಡದಲ್ಲಿ ಮುಂದಿನ ಕಟ್ಟಿಗೆಂದು ತಂದಿಟ್ಟಿದ್ದ ಒಲೆಯ ಕೆಂಡದ ತಟ್ಟೆಗೆ ಸುರಿದೆ. ಸಿಡಿದ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡು ಜಗಲಿಗೆ ಹಿಂದಿರುಗಿದರು.

ಗಾಯ ತೊಳೆದು ಬೇವಿನೆಣ್ಣೆ ಸವರಿದ ಮೇಲೆ ಸುಬೇದಾರರ ಪಾಠವನ್ನು ಅಲ್ಲೇ ಒಪ್ಪಿಸಿದೆ. ರಕ್ತ ಮೇಲಿನಿಂದ ಸುತ್ತಿ ಇಳಿಯುತ್ತದೆ, ದಾರಿಯಲ್ಲಿ ತಣ್ಣಗಾಗುತ್ತದೆ, ತಣ್ಣಗಿದ್ದರೇ ಬೀಜ. ನೀವು ಬಿಸಿ ಕಟ್ಟಿ ಬೇಯಿಸಿದ್ದೀರಿ. ಮೊದಲ ಎರಡು ಹಸು ನಿಲ್ಲದೆ ಹೋದದ್ದು ಹೊತ್ತಿಗೆ ಮುಂಚೆ ತಂದದ್ದರಿಂದ. ಆಮೇಲಿನ ಹಸುಗಳೆಲ್ಲ ನಿಲ್ಲದೆ ಹೋದದ್ದು ಈ ಬೂದಿಯಿಂದ. ಗೂಳಿಯಲ್ಲಿ ಏನೂ ದೋಷ ಇರಲಿಲ್ಲ.

ಗಂಡಸರು ಮಿಕಮಿಕ ನೋಡಿದರು. ತಣ್ಣಗಿದ್ದರೆ ಗಂಡಸುತನ ಅನ್ನುವ ಮಾತು ಅವರಿಗೆ ಅಸಹ್ಯವಾಗಿ ಕೇಳಿಸಿತು ಅಂತ ಕಾಣುತ್ತದೆ. ಅವಳು ಮಾತ್ರ ಚೊಂಬು ಕೆಳಗಿಟ್ಟು ಕೇಳಿದಳು:

"ಕುದಿಯೋ ಆಲಿಗೆ ಎಪ್ಪು ಆಕ್ದಂಗೆ ಆಯ್ತಾ ಅಣ್ಣ?"

"ಅದೇ. ಹೆಪ್ಪು ಏನಾಗುತ್ತದೆ?"

"ಸತ್ತೋಗ್ತದೆ. ಆಲು ಒಡೀತದೆ." ಗೂಳಿಯ ಕಡೆ ತಿರುಗಿ, "ಮತ್ತೆ ಸರಿ ಓಗ್ತದಾ?" ಅಂದಳು.

ಸುಟ್ಟದ್ದು ಮೇಲಿನ ಚರ್ಮ. ಬೆರಳಲ್ಲಿ ಒತ್ತಿ ನೋಡಿದ್ದೆ, ಬೀಜ ಮೆತ್ತಗಾಗಿದ್ದರೂ ಗಂಟುಗಟ್ಟಿರಲಿಲ್ಲ. ಹೊಸ ಅಣು ಹುಟ್ಟಿ ಬಲಿಯುವುದಕ್ಕೆ ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನೆರಳು, ತಂಪು, ಚೊಕ್ಕಟ. ಒಂದು ಹಸುವನ್ನೂ ಬಿಡಕೂಡದು. ಸರಿ ಹೋಗಬಹುದು ಅಂದೆ. ಹೋಗುತ್ತದೆ ಅನ್ನಲಿಲ್ಲ.

ದಲ್ಲಾಳಿ ಟವೆಲು ಕೊಡವಿ ಎದ್ದ. "ನಾನು ಇನ್ನೊಂದ್ಸಲ ಈ ಕಡೆ ಬರೋದು ಆಡಿ ತಿಂಗ್ಳು ಮುಗಿದ ಮೇಲೆ. ನೋಡ್ಕೊಳ್ಳಿ."

ಭಾವ ಅವಳ ಕಡೆ ನೋಡದೆ ತೀರ್ಪು ಕೊಟ್ಟ: "ಆಡಿ ಕಳೀಲಿ, ಇನ್ನೂ ಐದು ತಿಂಗ್ಳೈತೆ. ಅಷ್ಟೊತ್ಗೆ ಒಂದು ಅಸುವಾದ್ರೂ ಗಬ್ಬ ನಿಂತ್ರೆ ಇರ್ಲಿ. ಇಲ್ದಿದ್ರೆ ಲಾರಿ ಏರ್ತದೆ. ಬೀಜ ಇಲ್ದಿರೋ ಗೂಳಿಗೆ ಯಾವನ್ಲಾ ಮೇವು ಆಕೋನು?"

ಅವಳು ಚೊಂಬು ತೆಗೆದುಕೊಂಡು ಒಳಗೆ ಹೋದಳು.

ಹುಣಿಸೆಮರದ ನೆರಳಿನಲ್ಲಿ ಗೂಳಿಯನ್ನು ಕಟ್ಟಿಸಿದೆ. ಕೆಳಗೆ ಹೊಳೆಮರಳು ಹಾಕಿ, ಬಿಸಿಲೇರುವ ಹೊತ್ತಿಗೆ ನೀರು ಚಿಮುಕಿಸಬೇಕು. ಗಾಯವನ್ನು ದಿನಕ್ಕೆ ಎರಡು ಸಲ ಪೊಟ್ಯಾಷ್ ಕದಡಿದ ಗುಲಾಬಿ ಬಣ್ಣದ ನೀರಿನಲ್ಲಿ ತೊಳೆಯಬೇಕು. ಬಟ್ಟೆ ಕುದಿಸಬೇಕು. ಅವಳು ಎಲ್ಲವನ್ನೂ ಹೇಳಿದ ಹಾಗೆ ಮಾಡಿದಳು. ಹೇಳಿದ ಹಾಗೆ ಮಾಡುವ ಮನುಷ್ಯರು ನನ್ನ ಉದ್ಯೋಗದಲ್ಲಿ ಅಪರೂಪ. ಆದ್ದರಿಂದ ವಾರಕ್ಕೊಂದು ಸಲ ಆ ದಾರಿಯಲ್ಲಿ ಹೋಗುವುದು ನನಗೆ ಭಾರವೆನಿಸಲಿಲ್ಲ.

ಮರುತಿಂಗಳು, ಪಂಗುಣಿಯ ಒಂದು ಮಧ್ಯಾಹ್ನ ಹೋದಾಗ ಅವಳು ನೀರಿಗೆ ಹೋಗಿದ್ದಳು. ಭಾವ ಗೂಳಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಹಂಚಿನ ಚೂರು, ಅದರಲ್ಲಿ ಬೆಚ್ಚಗಿನ ಎಣ್ಣೆ.

"ಏನು ಮಾಡ್ತಾ ಇದ್ದೀರಿ?"

"ಒಂದು ಚೂರು ಬೆಚ್ಚಗೆ ಡಾಕ್ಟ್ರೇ, ಅಷ್ಟೇ. ಅವಳು ದಿನಾ ತಣ್ಣೀರು ಸುರಿದು ಸುರಿದು ಅದ್ರ ಜೀವಾನೇ ತಣ್ಣಗಾಗೈತೆ. ನೋಡಿ, ಎಂಗೆ ಜೋತು ಬಿದ್ದೈತೆ."

ಚಳಿಗೆ ಮುದುಡಿದಾಗ ಶೀತ ಅಂದರು, ಸೆಕೆಗೆ ಜೋತುಬಿದ್ದಾಗಲೂ ಶೀತ ಅಂದರು. ಅವನ ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆ, ಅದೇ ಕೈಯಲ್ಲಿ ಬಾಯಿಗೆ ಎಲೆಅಡಿಕೆ ಹಾಕಿಕೊಂಡ. ಹಂಚಿನ ಚೂರನ್ನು ಕಸಿದು ಬೇಲಿಯಾಚೆ ಎಸೆದೆ. ಇನ್ನೊಂದು ಸಲ ಮುಟ್ಟಿದರೆ ನಾನು ಈ ಬಾಗಿಲಿಗೆ ಬರುವುದಿಲ್ಲ, ಬೇಕಾದರೆ ಈಗಲೇ ಲಾರಿ ಕರೆಸಿ ಅಂದೆ. ಅವನಿಗೆ ಕೋಪ ಬರಲಿಲ್ಲ. "ಸರಿ ಬುಡಿ ಬುಡಿ, ಅದ್ಕೇನೀಗ" ಅಂತ ನಕ್ಕ. ಅವನ ಜೊತೆ ಜಗಳ ಆಡುವುದೂ ಆ ಎಲೆಯ ಪದರ ಸುಲಿದ ಹಾಗೆಯೇ, ಕೈಗೆ ಅಂಟುತ್ತದೆಯೇ ಹೊರತು ಮುಗಿಯುವುದಿಲ್ಲ.

ಇನ್ನೆರಡು ತಿಂಗಳು ಕಳೆದು ವೈಕಾಸಿಯಲ್ಲಿ ಒಂದೆರಡು ಮಳೆ ಬಿತ್ತು. ಚರ್ಮ ಕೂಡಿತ್ತು, ಕೂದಲು ಬಂದಿತ್ತು, ಒತ್ತಿದರೆ ಬೀಜ ಬಿಗಿಯಾಗಿತ್ತು. ಬಿಡಬಹುದು ಅಂದೆ. ಮೊದಲು ಬೆದೆಗೆ ಬಂದದ್ದು ಆ ಮನೆಯದೇ ಹಸು. ಬೆಳಿಗ್ಗೆ ಬೆದೆ ಕಂಡರೆ ಸಾಯಂಕಾಲ ಬಿಡಿ, ಸಾಯಂಕಾಲ ಕಂಡರೆ ಮರುದಿನ ಬೆಳಿಗ್ಗೆ ಅಂತ ಹೇಳಿದ್ದೆ. ಭಾವ ಬೆಳಿಗ್ಗೆಯೇ ಬಿಚ್ಚಲು ಹೊರಟಾಗ ಅವಳು ಹಸುವಿನ ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಸಾಯಂಕಾಲದವರೆಗೆ ಮರದ ಕೆಳಗೆ ಕೂತಿದ್ದಳಂತೆ. ಇದನ್ನು ನನಗೆ ಹೇಳಿದವನು ಭಾವನೇ, ದೂರು ಹೇಳುವ ದನಿಯಲ್ಲಿ.

ಆಡಿ ಮುಗಿಯುವ ಹೊತ್ತಿಗೆ ಹಸುವನ್ನು ಪರೀಕ್ಷೆ ಮಾಡಲು ಹೋದೆ. ಬೆದೆ ಮರಳಿ ಬಂದಿರಲಿಲ್ಲ. ಆದರೆ ಅದನ್ನು ಯಾರೂ ನಂಬುವಂತಿರಲಿಲ್ಲ, ರಾತ್ರಿ ಬಂದು ಹೋಗಿರಬಹುದು ಅಂತ ದಲ್ಲಾಳಿ ಹೇಳಿದ್ದನಂತೆ. ಅವನೂ ಬಂದು ಜಗಲಿಯಲ್ಲಿ ಕೂತಿದ್ದ. ಲಾರಿ ರಸ್ತೆಯ ತಿರುವಿನಲ್ಲಿ ನಿಂತಿತ್ತು, ಮೇಲೆ ಆಗಲೇ ನಾಲ್ಕು ಎತ್ತು ಕೊಂಬು ಕೊಂಬಿಗೆ ತಾಗಿಸಿಕೊಂಡು ನಿಂತಿದ್ದವು, ಕೆಳಗೆ ಸಗಣಿ ಸೋರುತ್ತಿತ್ತು. ಆಸ್ಪತ್ರೆಯ ತೋಳುದ್ದದ ಕೈಗವಸುಗಳು ಮುಗಿದಿದ್ದವು. ಇದ್ದದ್ದು ಒಂದೇ ಒಂದು, ಅದನ್ನು ಅಟೆಂಡರ್ ಹಸುವಿನಿಂದ ಹಸುವಿಗೆ ಬಳಸಿ, ಒಳಹೊರಗು ತಿರುಗಿಸಿ ಮೊಳೆಗೆ ನೇತುಹಾಕಿದ್ದ. ಅದನ್ನು ಮುಟ್ಟುವುದಕ್ಕಿಂತ ಬರಿಗೈ ವಾಸಿ ಅಂತ ಉಗುರು ಕತ್ತರಿಸಿ, ಹೆಗಲವರೆಗೆ ಸೋಪು ಹಚ್ಚಿಕೊಂಡೆ.

ಹಸುವಿನ ಹಿಂದೆ ಹೆಗಲವರೆಗೆ ತೋಳು ತೂರಿಸಿ ನಿಂತವನ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು, ಕನ್ನಡಿ ಬೇಕಾಗಿಲ್ಲ. ಬಿಸಿ ಸಗಣಿ ಮೊಣಕೈಯಿಂದ ಇಳಿದು ಪಕ್ಕೆಗೆ ಹರಿಯುತ್ತದೆ. ಹಸು ತಿಣುಕಿದರೆ ಎದೆಗೂ ಬೀಳುತ್ತದೆ. ಜನ ಸುತ್ತ ನಿಂತು ಬಾಯಿ ತೆರೆದುಕೊಂಡು ನೋಡುತ್ತಾರೆ. ಕಣ್ಣು ಮುಚ್ಚಿ ಬೆರಳಿನಿಂದ ಹುಡುಕಬೇಕು.

ಗರ್ಭಕೋಶಕ್ಕೆ ಎರಡು ಕೊಂಬು, ಪ್ರತಿ ಕೊಂಬಿನ ಪಕ್ಕ ಒಂದು ಅಂಡಾಶಯ. ಕರು ನಿಲ್ಲದೆ ಹೋದರೆ ಗರ್ಭಕೋಶ ತನ್ನ ಪಕ್ಕದ ಅಂಡಾಶಯಕ್ಕೆ ಒಂದು ಸುದ್ದಿ ಕಳಿಸುತ್ತದೆ. ಆ ಸುದ್ದಿ ಎದೆಯವರೆಗೆ ಹೋಗಿ ಊರೆಲ್ಲ ಸುತ್ತಿ ಬರುವುದಿಲ್ಲ. ಗರ್ಭಕೋಶದಿಂದ ಹೊರಡುವ ನಾಳ, ಅಂಡಾಶಯಕ್ಕೆ ಹೋಗುವ ನಾಳ, ಇವೆರಡೂ ಮೈಗೆ ಮೈ ತಾಗಿಸಿಕೊಂಡಿರುತ್ತವೆ. ಒಂದರ ಗೋಡೆಯಿಂದ ಇನ್ನೊಂದರ ಗೋಡೆಗೆ ಆ ರಸ ಇಳಿದು ನೇರವಾಗಿ ಪಕ್ಕದ ಮನೆಗೇ ಮುಟ್ಟುತ್ತದೆ. ಕರು ಇಲ್ಲ, ಕಾವಲು ಬಿಡು, ಮತ್ತೆ ಬೆದೆಗೆ ಬಾ. ಅಂಡಾಶಯದ ಮೇಲೆ ಕಾವಲಿಗೆ ಕೂತ ಹಳದಿ ಗಂಟು ಕರಗುತ್ತದೆ. ಕರು ನಿಂತಿದ್ದರೆ ಸುದ್ದಿ ಹೊರಡುವುದಿಲ್ಲ, ಗಂಟು ಹಾಗೇ ಇರುತ್ತದೆ. ಮಾತಿಲ್ಲದ ಆ ಎರಡು ನಾಳಗಳಲ್ಲಿ ಸುದ್ದಿ ಒಂದಿನಿತೂ ಕೆಡುವುದಿಲ್ಲ. ಬಾಯಿದ್ದ ನಮ್ಮಲ್ಲಿ ಎರಡು ಪದದ ಒಂದು ವಾಕ್ಯ ಆಸ್ಪತ್ರೆಯಿಂದ ಅಂಗಳಕ್ಕೆ ಹೋಗುವುದರಲ್ಲಿ ಒಂದು ಪ್ರಾಣಿಯನ್ನು ಸುಟ್ಟಿತ್ತು.

ಬಲಗಡೆಯ ಅಂಡಾಶಯ ಬೆರಳಿಗೆ ಸಿಕ್ಕಿತು. ಗಂಟು ಇತ್ತು. ಅದೇ ಕಡೆಯ ಕೊಂಬು ದಪ್ಪಗೆ, ಒಳಗೆ ನೀರು ತುಂಬಿದ ಹಾಗೆ ತುಳುಕುತ್ತಿತ್ತು. ಮತ್ತೊಮ್ಮೆ ನೋಡಿದೆ. ಅವಳು ಹಸುವಿನ ತಲೆ ಹಿಡಿದು ನಿಂತಿದ್ದಳು, ಹಗ್ಗವನ್ನಲ್ಲ, ಎರಡು ಕೊಂಬನ್ನೂ.

"ಗಬ್ಬ ನಿಂತಿದೆ" ಅಂದೆ.

ಯಾರೂ ಮಾತಾಡುವ ಮುನ್ನ ಭಾವ ತೊಡೆ ತಟ್ಟಿಕೊಂಡ. "ನಾನ್ ಅವತ್ತೇ ಯೋಳಿರ್ಲಿಲ್ವೇನ್ಲಾ? ಬೂದಿ ಸೂಡು ಒಳಗೆ ಇಳ್ದೈತೆ, ಈಗ ಕೆಲ್ಸ ಮಾಡ್ತು. ಡಾಕ್ಟ್ರು ಸುಮ್ಕೆ ತಣ್ಣೀರು ಉಯ್ಸಿ ತಡ ಮಾಡಿದ್ರು, ಇಲ್ದಿದ್ರೆ ಯುಗಾದಿಗೇ ಆಗೋಗ್ತಿತ್ತು."

"ಔದು, ಔದು" ಅಂದರು ಜಗಲಿಯವರು. ಗೂಳಿಯನ್ನೂ ಅವಳ ಗಂಡನನ್ನೂ ಸೇರಿಸಿ ನಕ್ಕವನೇ ಎಲ್ಲರಿಗಿಂತ ಜೋರಾಗಿ ಅಂದ. ನಾನು ತೋಳಿನಿಂದ ಸಗಣಿ ತೊಟ್ಟಿಕ್ಕಿಸುತ್ತಾ ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ತಲೆಯ ಮೇಲೆ ಸೆರಗು ಎಳೆದುಕೊಂಡು, ಮೆಲ್ಲಗೆ ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಬಾವ್ನೋರ ಕೈಗುಣದಿಂದಲೇ ಆಯ್ತು."

ದಲ್ಲಾಳಿ ಎದ್ದು ಹೋದ. ಲಾರಿ ಸದ್ದು ಮಾಡಿ ತಿರುವು ದಾಟಿತು. ಭಾವ ಗೂಳಿಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವವನ ಹಾಗೆ ನಿಂತಿದ್ದ.

ಕೈ ತೊಳೆಯಲು ನೀರು ಹಾಕುವಾಗ ಅವಳನ್ನು ಕೇಳಿದೆ: "ಯಾಕಮ್ಮ ಹಾಗಂದೆ? ನಿನಗೆ ಗೊತ್ತಿಲ್ಲವಾ?"

"ಗೊತ್ತು ಕಣಣ್ಣ" ಅಂದಳು. "ನಿಮ್ಮಿಂದ ಆಯ್ತು ಅಂದ್ರೆ ಗೂಳಿ ಬರೀ ನಂದು ಅಂತ ಆಗ್ತದೆ. ಮುಂದಿನ್ ಆಡಿಗೆ ಮತ್ತೆ ಲಾರಿ ಬತ್ತದೆ. ಈಗ ಅದು ಬಾವ್ನೋರ ಮರ್ಯಾದೆ ಆಗೋಯ್ತು. ಮರ್ಯಾದೇನ ಯಾರಾದ್ರೂ ಮಾರ್ತಾರಾ?"

ಒಪ್ಪಲು ನನಗೆ ಆಗಲಿಲ್ಲ. ಸುಳ್ಳು ಸುಳ್ಳೇ. ದಾರಿಯುದ್ದಕ್ಕೂ ಸಿಟ್ಟು. ಮನೆಗೆ ಬಂದು ಮೂರು ಸಲ ಸ್ನಾನ ಮಾಡಿದೆ.

ಆ ಸುಳ್ಳಿನ ಫಲ ಮುಂದಿನ ಮಾರ್ಗಳಿಯಲ್ಲಿ ಬಂತು. ಅಟೆಂಡರ್ ಹಲ್ಲುಕಡ್ಡಿ ತೆಗೆದು ಹೇಳಿದ: "ಸಾರ್, ಪಕ್ಕದ ಊರುಗಳಲ್ಲೆಲ್ಲ ಗೂಳಿಗೆ ಬೂದಿ ಕಟ್ತಾವ್ರೆ. ಗೂಳಿಯಮ್ಮನ ಮನೆ ಕಟ್ಟು ಅಂತೆ." ನಾನು ಊರೂರಿಗೆ ಹೋಗಿ ಬಿಚ್ಚಿದೆ. ಅದೇ ಎಣ್ಣೆ, ಅದೇ ಎಲೆ, ಅದೇ ವಾಸನೆ. ಒಂದು ಕಡೆ ಬೂದಿಯ ಜೊತೆ ಕೋಳಿಮೊಟ್ಟೆಯನ್ನೂ ಒಡೆದು ಹಾಕಿದ್ದರು. ನಾನು ಹೇಳಿದ ಪಾಠವನ್ನು ಎಲ್ಲರೂ ಕೈಕಟ್ಟಿ ಕೇಳಿದರು. ಬಾಗಿಲು ದಾಟಿದ ಮೇಲೆ ಮತ್ತೆ ಕಟ್ಟುತ್ತಾರೆ ಅಂತ ಅವರ ಮುಖದಲ್ಲೇ ಬರೆದಿತ್ತು.

ಕೊನೆಗೆ ಅವಳ ಅಂಗಳಕ್ಕೇ ಹೋದೆ. ನೀನು ಹಚ್ಚಿದ ಬೆಂಕಿ ಬಾ ನೋಡು ಅನ್ನಬೇಕು ಅಂತ. ಗೂಳಿ ಹುಣಿಸೆಮರದ ಕೆಳಗೆ ಮೆಲುಕು ಹಾಕುತ್ತಿತ್ತು. ಅದರ ಮೈಮೇಲೂ ಗಂಟು ಇತ್ತು. ನನ್ನ ಕೈ ಔಷಧದ ಚೀಲದೊಳಗಿನ ಕತ್ತರಿಗೆ ಹೋಯಿತು. ಆಮೇಲೆ ಕಂಡಿತು, ಗಂಟು ಕತ್ತಿನಲ್ಲಿತ್ತು. ಒಗೆದ ಬಿಳಿಬಟ್ಟೆ, ಬಿಗಿಯಾದ ಹೊಲಿಗೆ. ಮುಟ್ಟಿ ನೋಡಿದೆ, ತಣ್ಣಗಿತ್ತು.

"ಇದೇನಮ್ಮ?"

"ಬಾವ್ನೋರು ಚಳಿ ಬಂತು, ಮತ್ತೆ ಕಟ್ಬೇಕು ಅಂತ ಬೂದಿ ತಂದ್ರು. ಈ ಸಲ ನಾನೇ ಕಟ್ತೀನಿ ಅಂದೆ. ಕತ್ತಿಗೆ ಕಟ್ದೆ. ಅಲ್ಲಿಗ್ಯಾಕೆ ಅಂದ್ರು. ಡಾಕ್ಟ್ರು ಯೋಳವ್ರೆ ಅಂದೆ, ರಕ್ತ ಮೇಲಿಂದ ಸುತ್ತಿ ಇಳಿಯೋದು, ಅದ್ಕೆ ಬೂದಿ ಮೇಲೆ ಕಟ್ಬೇಕು ಅಂತ."

"ನಾನು ಎಲ್ಲಿ ಹೇಳಿದೆ?"

"ರಕ್ತ ಮೇಲಿಂದ ಇಳೀತದೆ ಅಂತ ನೀವೇ ಯೋಳಿಲ್ವಾ ಅಣ್ಣ?" ಅವಳ ಮುಖದಲ್ಲಿ ನಗು ಇರಲಿಲ್ಲ. "ಆರಿದ ಮೇಲೇ ಕಟ್ಬೇಕು, ಬಿಸಿ ಇದ್ರೆ ಗುಣ ಓಗ್ತದೆ ಅಂತಾನೂ ಯೋಳಿದೀರಿ. ಕೇಳೋಕೆ ಬಂದವ್ರಿಗೆಲ್ಲ ಅಂಗೇ ಕಲಿಸ್ತಾ ಇದೀನಿ. ಗಂಟು ಬಿಚ್ಚಿ ಅಂದ್ರೆ ಯಾರೂ ಬಿಚ್ಚಲ್ಲ. ಮೇಲೆ ಕಟ್ಟಿ ಅಂದ್ರೆ ಕಟ್ತಾರೆ."

ಸುಬೇದಾರರ ಪಾಠ ಹೀಗೆ ಗೂಳಿಯ ಕತ್ತಿಗೆ ತಾಯಿತವಾಯಿತು. ನನಗೆ ಆ ಕ್ಷಣ ಅನಿಸಿದ್ದು ಹೇಸಿಗೆಯೇ. ಬರುವಾಗ ಅದನ್ನು ಬಿಚ್ಚಬೇಕು ಅಂತ ಕೈ ಎತ್ತಿದೆ. ಬಿಚ್ಚಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಹೀಟು ಅನ್ನುವ ಪದವನ್ನು ನಿಲ್ಲಿಸಿದೆ. ಬೆದೆ ಅನ್ನಬೇಕು, ಯಾವ ಹಸುವಿನದು ಅಂತ ಪೂರ್ತಿ ವಾಕ್ಯ ಹೇಳಬೇಕು. ಅಟೆಂಡರ್ ಒಂದು ವಾರ ಪಾಲಿಸಿದ.

ಕೆಲವು ವರ್ಷಗಳ ಮೇಲೆ ನನಗೆ ಕಡಯಂಪಟ್ಟಿ ಕಡೆಗೆ ವರ್ಗವಾಯಿತು. ಅಲ್ಲಿ ಒಂದು ದಿನ ಚಳಿಗಾಲದ ಬೆಳಿಗ್ಗೆ ರಸ್ತೆಯಲ್ಲಿ ಒಬ್ಬನು ಗೂಳಿಯನ್ನು ಹಿಡಿದುಕೊಂಡು ಹೋಗುತ್ತಿದ್ದ. ಕತ್ತಿನಲ್ಲಿ ಬಿಳಿಯ ಗಂಟು. ನಿಲ್ಲಿಸಿ ಏನಿದು ಅಂತ ತಮಿಳಿನಲ್ಲಿ ಕೇಳಿದೆ.

"ಡಾಕ್ಟರ್ ಕಟ್ಟು ಸಾರ್" ಅಂದ. ಪೆನ್ನಾಗರಂ ಕಡೆ ಯಾರೋ ದೊಡ್ಡ ಡಾಕ್ಟರು ಕಂಡುಹಿಡಿದದ್ದಂತೆ. ಆರಿದ ಬೂದಿಯೇ ಆಗಬೇಕಂತೆ, ಬಿಸಿ ತಾಗಿದರೆ ಗೂಳಿ ಕೆಡುತ್ತದಂತೆ.

ನಾನು ಬಗ್ಗಿ ಗೂಳಿಯ ಹಿಂದೆ ನೋಡಿದೆ. ಚೀಲ ಚಳಿಗೆ ಮುದುಡಿ ಮೇಲೆ ಸೇರಿಕೊಂಡಿತ್ತು. ಮೇಲೆ ಎಣ್ಣೆಯಿಲ್ಲ, ಎಲೆಯಿಲ್ಲ, ಚರ್ಮ ಚೊಕ್ಕಟವಾಗಿತ್ತು. ಕತ್ತಿನ ಗಂಟನ್ನು ಎತ್ತಿ ಮೂಸಿ ನೋಡಿದೆ. ಒಣ ಬೂದಿ, ಬೇರೆ ವಾಸನೆಯಿಲ್ಲ. ಸರಿ, ಹೋಗು ಅಂದೆ. ಪಕ್ಕದ ಟೀ ಅಂಗಡಿಯಲ್ಲಿ ನೀರು ಕೇಳಿ ಕೈ ತೊಳೆದುಕೊಂಡೆ.